ಬೆಂಗಳೂರಿನಲ್ಲಿ ಶುಶ್ರೂಷಾ ವಿದ್ಯಾರ್ಥಿಗಳ ಆಸ್ಪತ್ರೆ ತರಬೇತಿ

ಆಸ್ಪತ್ರೆ ತರಬೇತಿ ಎಂದರೆ ನರ್ಸಿಂಗ್ ಮತ್ತು ಪ್ರಸೂತಿ ಶುಶ್ರೂಷೆಯ ವಿದ್ಯಾರ್ಥಿಗಳು ವಾರ್ಡ್, ಹೆರಿಗೆ ಕೋಣೆ, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದೆಡೆ ಮೇಲ್ವಿಚಾರಣೆಯಲ್ಲಿ ರೋಗಿಗಳ ಆರೈಕೆ ಮಾಡುತ್ತಾ ಪಡೆಯುವ ಕಲಿಕೆ. ವಿದ್ಯಾರ್ಥಿಗಳು ಇದನ್ನು ‘ಕ್ಲಿನಿಕಲ್ ಪೋಸ್ಟಿಂಗ್’ ಎಂದು ಕರೆಯುತ್ತಾರೆ. ವಿದ್ಯಾರ್ಥಿಯು ವಾರ್ಡಿನಲ್ಲಿ ಕಲಿಯುವವನೋ ಅಥವಾ ಸಿಬ್ಬಂದಿಯ ಕೊರತೆಯನ್ನು ತುಂಬುವವನೋ ಎಂಬುದು ಈ ತರಬೇತಿಯ ಕುರಿತ ಚರ್ಚೆಯ ಮುಖ್ಯ ಪ್ರಶ್ನೆಯಾಗಿದೆ.

ಹಿನ್ನೆಲೆ

ಹೆರಿಗೆ ಮಾಡಿಸುವ ವಿದ್ಯೆಯು ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯರ ಜೊತೆಗಿದ್ದು ನೋಡಿ ಕಲಿಯುವ ವಿದ್ಯೆಯಾಗಿತ್ತು. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮ ಈ ಕೆಲಸವನ್ನು ತಮ್ಮ ಅಜ್ಜಿಯಿಂದ ಕಲಿತರು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭಿಸಿದ ಶಾಲೆಯು ತರಗತಿಯ ಪಾಠವನ್ನೂ ವಾರ್ಡಿನ ಕೆಲಸವನ್ನೂ ಜೋಡಿಸಿತು. ಭಾರತದಲ್ಲಿ ಈ ಶಿಕ್ಷಣದ ಮಾನದಂಡಗಳನ್ನು 1947ರ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ಭಾರತೀಯ ಶುಶ್ರೂಷಾ ಪರಿಷತ್ತು ನಿಗದಿಪಡಿಸುತ್ತಾ ಬಂದಿತು. ಆ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಸೇವಾ ಆಯೋಗದ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು.

ನಗರದ ದಕ್ಷಿಣ ಭಾಗದ ಸಂಸ್ಥೆಗಳು

1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಜಯನಗರ 4ನೇ ‘ಟಿ’ ಬ್ಲಾಕ್‌ನಲ್ಲಿದೆ. ರಾಜ್ಯದ ಬಿ.ಎಸ್ಸಿ. ನರ್ಸಿಂಗ್ ಕಾಲೇಜುಗಳಲ್ಲಿ ಬಹುಪಾಲು ಇದಕ್ಕೆ ಸಂಯೋಜಿತವಾಗಿವೆ. ಜಯನಗರದ ಸಾರ್ವಜನಿಕ ಆಸ್ಪತ್ರೆ, ಬೈರಸಂದ್ರದ ಸಂಜಯ್ ಗಾಂಧಿ ಅಪಘಾತ ಚಿಕಿತ್ಸಾ ಸಂಸ್ಥೆ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಹಾಗೂ ಹೊಸೂರು ರಸ್ತೆಯ ನಿಮ್ಹಾನ್ಸ್ ಇದೇ ಭಾಗದಲ್ಲಿವೆ. 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್‌ಗೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳೂ ಮನೋರೋಗ ಶುಶ್ರೂಷೆಯ ತರಬೇತಿಗೆ ಬರುತ್ತಾರೆ. ಹೀಗಾಗಿ ಬನಶಂಕರಿ, ಜೆ.ಪಿ. ನಗರ ಅಥವಾ ಬಿ.ಟಿ.ಎಂ. ಬಡಾವಣೆಯಲ್ಲಿ ಓದುವವರಿಗೆ ಹಲವು ವಿಶೇಷ ವಿಭಾಗಗಳು ಸಮೀಪದಲ್ಲೇ ಇವೆ.

ತರಬೇತಿಯ ಸ್ವರೂಪ

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷಗಳ ಪದವಿ, ಜಿ.ಎನ್.ಎಂ. ಮೂರು ವರ್ಷಗಳ ಡಿಪ್ಲೊಮಾ, ಎ.ಎನ್.ಎಂ. ಎರಡು ವರ್ಷಗಳ ಕೋರ್ಸು. ಸೆಮಿಸ್ಟರ್ ಪದ್ಧತಿಯ ಪದವಿ ಪಠ್ಯಕ್ರಮದಲ್ಲಿ ಮೊದಲು ಹಾಸಿಗೆ ಸಿದ್ಧಪಡಿಸುವುದು, ನಾಡಿ, ಉಸಿರಾಟ, ರಕ್ತದೊತ್ತಡ ಅಳೆಯುವುದು, ರೋಗಿಯ ಸ್ವಚ್ಛತೆ ನೋಡಿಕೊಳ್ಳುವುದು ಮುಂತಾದ ಮೂಲ ಕೌಶಲಗಳಿವೆ. 6 ಮತ್ತು 7ನೇ ಸೆಮಿಸ್ಟರ್‌ಗಳಲ್ಲಿ ಪ್ರಸೂತಿ ಶುಶ್ರೂಷೆ, 8ನೇ ಸೆಮಿಸ್ಟರ್‌ನಲ್ಲಿ 22 ವಾರಗಳ ಇಂಟರ್ನ್‌ಶಿಪ್ ಇರುತ್ತದೆ. ಪರಿಷತ್ತಿನ ಮಾನದಂಡದ ಪ್ರಕಾರ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು ಇರಬೇಕು.

ಹೆರಿಗೆ ಕೋಣೆ

ಪ್ರಸೂತಿ ತರಬೇತಿಯಲ್ಲಿ ಪ್ರತಿ ವಿದ್ಯಾರ್ಥಿಯೂ ಕೇಸ್ ಬುಕ್ ಬರೆಯಬೇಕು. ಹಿಂದಿನ ವಾರ್ಷಿಕ ಪದ್ಧತಿಯಲ್ಲಿ ಪದವಿ ವಿದ್ಯಾರ್ಥಿಗೆ 30 ಗರ್ಭಿಣಿಯರ ತಪಾಸಣೆ ಹಾಗೂ 20 ಸಹಜ ಹೆರಿಗೆಗಳ ಗುರಿ ಇತ್ತು. ಗರ್ಭಕಂಠದ ಹಿಗ್ಗುವಿಕೆ, ಶಿಶುವಿನ ಹೃದಯಬಡಿತ ಮತ್ತು ನೋವಿನ ಅಂತರವನ್ನು ಪಾರ್ಟೋಗ್ರಾಫ್‌ನಲ್ಲಿ ಗುರುತಿಸುವುದು ಇಲ್ಲಿ ಕಲಿಯುವ ಪ್ರಮುಖ ಕೌಶಲ. ಬೋಧನಾ ಆಸ್ಪತ್ರೆಗಳಲ್ಲಿ ವೈದ್ಯ ವಿದ್ಯಾರ್ಥಿಗಳಿಗೂ ಇದೇ ಅನುಭವ ಬೇಕಾಗಿರುವುದರಿಂದ ಅವಕಾಶವು ಹಂಚಿಹೋಗುತ್ತದೆ. ಕೇಸ್ ಬುಕ್ಕಿನ ಸಂಖ್ಯೆ ತುಂಬುವುದೇ ಗುರಿಯಾದರೆ, ನೋವು ತಿನ್ನುತ್ತಿರುವ ಹೆಂಗಸಿನ ಸುತ್ತ ಹಲವರು ನೆರೆದು ಆಕೆಯ ಒಪ್ಪಿಗೆಯೂ ಖಾಸಗಿತನವೂ ಕಡೆಗಣನೆಗೆ ಒಳಗಾಗುತ್ತವೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವು ಗೌರವಯುತ ಹೆರಿಗೆ ಆರೈಕೆಗೆ ಒತ್ತು ನೀಡುತ್ತದೆ.

ವಿದ್ಯಾರ್ಥಿಗಳ ಅನುಭವಗಳು

ಭಾಷೆ: ಬೆಂಗಳೂರಿನ ಕಾಲೇಜುಗಳಿಗೆ ಕೇರಳ, ಈಶಾನ್ಯ ರಾಜ್ಯಗಳು ಮತ್ತು ಪಶ್ಚಿಮ ಬಂಗಾಳದಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಸರ್ಕಾರಿ ವಾರ್ಡುಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತನಾಡುವ ರೋಗಿಗಳಿರುತ್ತಾರೆ. ಉರಿ, ಸೆಳೆತ, ಚುಚ್ಚಿದಂತಾಗುವುದು, ಹಿಂಡಿದಂತಾಗುವುದು ಬೇರೆ ಬೇರೆ ನೋವುಗಳು. ಈ ಪದಗಳ ವ್ಯತ್ಯಾಸ ತಿಳಿಯದವರಿಗೆ ರೋಗಿಯ ದೂರನ್ನು ಸರಿಯಾಗಿ ದಾಖಲಿಸುವುದು ಕಷ್ಟ.

ಪಾಠ ಮತ್ತು ವಾಸ್ತವ: ತರಗತಿಯಲ್ಲಿ ಕಲಿತ ಕ್ರಮವನ್ನು ದಟ್ಟಣೆಯ ವಾರ್ಡಿನಲ್ಲಿ ಪೂರ್ತಿಯಾಗಿ ಪಾಲಿಸಲಾಗದಿದ್ದಾಗ ವಿದ್ಯಾರ್ಥಿಗಳು ಗೊಂದಲಕ್ಕೀಡಾಗುತ್ತಾರೆ. ಅಮೆರಿಕದ ಮಾರ್ಲೀನ್ ಕ್ರೇಮರ್ 1974ರಲ್ಲಿ ಹೊಸ ದಾದಿಯರ ಇಂತಹ ಸ್ಥಿತಿಯನ್ನು ‘ರಿಯಾಲಿಟಿ ಶಾಕ್’ ಎಂದು ಹೆಸರಿಸಿದರು.

ಸಾವು ಮತ್ತು ಮಾನಸಿಕ ಒತ್ತಡ: ಮೊದಲ ಸಾವನ್ನು ಹದಿಹರೆಯ ದಾಟುವ ಮುನ್ನವೇ ಕಾಣುವವರು ಅನೇಕರು. ಅದರ ಬಗ್ಗೆ ಬೋಧಕರೊಡನೆ ಮಾತನಾಡಲು ಸಮಯವಿಲ್ಲದಿದ್ದರೆ ಆ ಭಾರವನ್ನು ಒಬ್ಬರೇ ಹೊರಬೇಕಾಗುತ್ತದೆ.

ಸುರಕ್ಷತೆ: ಬಳಸಿದ ಸೂಜಿ ಚುಚ್ಚಿಕೊಳ್ಳುವುದು ಪ್ರಮುಖ ಅಪಾಯ. ಹೆಪಟೈಟಿಸ್-ಬಿ ಲಸಿಕೆಯನ್ನು ತರಬೇತಿಗೆ ಮೊದಲೇ ಪಡೆದಿರಬೇಕು. ಸೂಜಿ ಚುಚ್ಚಿದರೆ ಗಾಯವನ್ನು ಸೋಪು-ನೀರಿನಿಂದ ತೊಳೆದು ತಕ್ಷಣ ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧ ಅಗತ್ಯವೆಂದು ವೈದ್ಯರು ನಿರ್ಧರಿಸಿದರೆ ಅದನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವಾದರೂ 72 ಗಂಟೆಯೊಳಗೆ ಆರಂಭಿಸಬೇಕು. ಬೈಗುಳದ ಹೆದರಿಕೆಯಿಂದ ಘಟನೆಯನ್ನು ಮುಚ್ಚಿಟ್ಟರೆ ಈ ಅವಧಿ ಕಳೆದುಹೋಗುತ್ತದೆ.

ಕಲಿಕೆ ಮತ್ತು ದುಡಿಮೆ

ದಾದಿಯರ ಸಂಖ್ಯೆ ಕಡಿಮೆಯಿರುವ ವಾರ್ಡಿನಲ್ಲಿ ವಿದ್ಯಾರ್ಥಿಗಳು ಮಾದರಿಗಳನ್ನು ಪ್ರಯೋಗಾಲಯಕ್ಕೆ ಒಯ್ಯುವುದು, ಕಡತ ತರುವುದು ಮುಂತಾದ ಕೆಲಸಗಳಲ್ಲೇ ಪಾಳಿ ಕಳೆಯುವ ಸಂಭವವಿದೆ. ಬ್ರಿಟನ್ನಿನಲ್ಲಿ ‘ಪ್ರಾಜೆಕ್ಟ್ 2000’ ಸುಧಾರಣೆಯು ವಿದ್ಯಾರ್ಥಿಗಳನ್ನು ಸಿಬ್ಬಂದಿಯ ಲೆಕ್ಕದಿಂದ ಹೊರಗಿಟ್ಟಿತು. ಪ್ಯಾಟ್ರಿಷಿಯಾ ಬೆನ್ನರ್ 1984ರ ಕೃತಿಯಲ್ಲಿ ವಿವರಿಸಿದಂತೆ ದಾದಿಯು ಅನನುಭವಿಯ ಹಂತದಿಂದ ಪರಿಣತಿಯತ್ತ ಹಂತಹಂತವಾಗಿ ಬೆಳೆಯುತ್ತಾಳೆ. ಒಂದೇ ಕೆಲಸವನ್ನು ಪುನರಾವರ್ತಿಸಿದ ಮಾತ್ರಕ್ಕೆ ಈ ಬೆಳವಣಿಗೆ ಆಗದು. ಮಾಡಿದ್ದನ್ನು ಅದೇ ದಿನ ತಿದ್ದಿ ವಿವರಿಸುವ ಬೋಧಕರು ಅಥವಾ ಹಿರಿಯ ಶುಶ್ರೂಷಾಧಿಕಾರಿ ವಾರ್ಡಿನಲ್ಲಿ ಇರಬೇಕಾಗುತ್ತದೆ.