ಈ ಬಾಗಿಲನ್ನು ಎಲ್ಲಿ ನೋಡಿದೆ?

ಕಳೆದ ಚಳಿಗಾಲದಲ್ಲಿ ಗೆಳೆಯನೊಬ್ಬ ಮೈಸೂರಿನ ಹತ್ತಿರ ಕಾಲೇಜು ಹುಡುಗ ಹುಡುಗಿಯರಿಗಾಗಿ ಎರಡು ದಿನದ ಕಥಾ ಕಮ್ಮಟ ನಡೆಸಿದ. ಅವನ ಉಪಾಯ ಸರಳ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಒಂದೊಂದೇ ಬಾಗಿಲಿನ ಚಿತ್ರ ಬೀಳಿಸುವುದು, ಹತ್ತು ನಿಮಿಷ ಸುಮ್ಮನೆ ನೋಡಲು ಬಿಡುವುದು, ಆಮೇಲೆ ಕಥೆ ಬರೆಸುವುದು. ಬೀಗ ಹಾಕಿದ ಹಳ್ಳಿ ಮನೆಯ ಬಾಗಿಲು, ಅರ್ಧ ಎಳೆದ ಅಂಗಡಿ ಶಟರು, ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲು. ಅವುಗಳ ನಡುವೆ ಒಂದು ಹಳೆಯ ಫೋಟೋ ಕೂಡ ಇತ್ತು. ಫೋಟೋಗ್ರಫಿಯ ಮೊದಲಿಗರಲ್ಲಿ ಒಬ್ಬನಾದ ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1844ರಲ್ಲಿ ತೆಗೆದ 'ತೆರೆದ ಬಾಗಿಲು'. ಅವನ ಲೇಕಾಕ್ ಮನೆಯ ಹಿಂಭಾಗದ ಒಂದು ಕೊಟ್ಟಿಗೆ, ಬಾಗಿಲಿಗೆ ಓರೆಯಾಗಿ ಒರಗಿಸಿಟ್ಟ ಕಡ್ಡಿ ಪೊರಕೆ, ಪಕ್ಕದಲ್ಲಿ ನೇತುಹಾಕಿದ ಲಾಂದ್ರ, ಒಳಗೆ ಕತ್ತಲು. ಮನುಷ್ಯರೇ ಇಲ್ಲ. ಹುಡುಗರು ಬಲು ಬೇಗ ಪೊರಕೆ ಬಿಟ್ಟು ಹೋದ ಹೆಂಗಸನ್ನು ಹುಡುಕಿಕೊಂಡರು. ಒಬ್ಬನಂತೂ ಅವಳಿಗೆ ಮದುವೆಯನ್ನೂ ಮಾಡಿಸಿದ.

ಎರಡನೆಯ ದಿನ ನನ್ನ ಸರದಿ. 'ಇತಿಹಾಸದವರು ನೀವು, ಒಂದು ಚಿತ್ರ ತನ್ನಿ' ಎಂದಿದ್ದ. ನಾನು ಒಯ್ದದ್ದು ಸ್ಕಾಟ್ಲೆಂಡಿನ ಡೇವಿಡ್ ವಿಲ್ಕಿ ಬಿಡಿಸಿದ ಚಿತ್ರ. 1799ರ ಮೇ 4ರ ಸಂಜೆ, ಶ್ರೀರಂಗಪಟ್ಟಣ ಕೋಟೆಯ ಬಾಗಿಲೊಂದರಲ್ಲಿ ಜನರಲ್ ಡೇವಿಡ್ ಬೇರ್ಡ್ ಟಿಪ್ಪು ಸುಲ್ತಾನನ ದೇಹ ಕಂಡುಹಿಡಿಯುವ ದೃಶ್ಯ. 1839ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡಿತು, ಎತ್ತರ ಮೂರು ಮೀಟರಿಗೂ ಹೆಚ್ಚು. ಕಮಾನಿನ ಕೆಳಗೆ ಬೇರ್ಡ್ ನಿಂತಿದ್ದಾನೆ. ಅವನ ಕಾಲ ಬಳಿ, ಬೆಳಕು ಬಿದ್ದ ಕಡೆ, ಸುಲ್ತಾನನ ದೇಹ.

ಈ ಚಿತ್ರವನ್ನೇ ಆರಿಸಿದ್ದಕ್ಕೆ ಒಂದು ನಾಚಿಕೆಯ ಕಾರಣವಿದೆ. ಅದಕ್ಕೂ ಒಂದು ವರ್ಷ ಮೊದಲು ನನ್ನ ಪಿಎಚ್.ಡಿ. ಪ್ರಬಂಧದ ಮೂರನೆಯ ಅಧ್ಯಾಯದ ಕರಡನ್ನು ಮಾರ್ಗದರ್ಶಕರಿಗೆ ಕೊಟ್ಟಿದ್ದೆ. ಕೋಟೆ ಬಿದ್ದ ದಿನದ ವಿವರಣೆಯಲ್ಲಿ ಒಂದು ಪ್ಯಾರಾ ಆ ಬಾಗಿಲಿನ ಬಗ್ಗೆ. ಎತ್ತರದ ಕಲ್ಲಿನ ಕಮಾನು, ಮೆಟ್ಟಿಲು, ಕೆಳಗೆ ಕಬ್ಬಿಣದ ಸರಳು. ಬರೆದಾಗ ಬಹಳ ಹೆಮ್ಮೆಪಟ್ಟಿದ್ದೆ. ಮೇಡಂ ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಸಾಲು ಬರೆದು ವಾಪಸು ಕೊಟ್ಟರು: 'ಈ ಬಾಗಿಲನ್ನು ಎಲ್ಲಿ ನೋಡಿದೆ?'

ಎಲ್ಲೂ ನೋಡಿರಲಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರು ನಾವು, ಪಟ್ಟಣಕ್ಕೆ ಹೋದದ್ದಕ್ಕೆ ಲೆಕ್ಕವಿಲ್ಲ. ಆದರೂ ನಾನು ವರ್ಣಿಸಿದ್ದು ವಿಲ್ಕಿಯ ಬಾಗಿಲನ್ನು. ಆ ಚಿತ್ರದ ಪ್ರತಿಯನ್ನು ಯಾವುದೋ ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದೆನೆಂದರೆ, ಅದು ನಾನೇ ಕಂಡ ಜಾಗವಾಗಿಬಿಟ್ಟಿತ್ತು. ವಿಲ್ಕಿಯಾದರೂ ನೋಡಿದ್ದನೇ? ಅವನು ಭಾರತಕ್ಕೆ ಬಂದವನೇ ಅಲ್ಲ.

ಮರುವಾರವೇ ಬಸ್ಸು ಹಿಡಿದು ಹೋದೆ. ಟಿಪ್ಪುವಿನ ದೇಹ ಸಿಕ್ಕಿದ್ದು ಇಲ್ಲಿ ಎಂದು ಹೇಳುವ ಕಲ್ಲೊಂದು ಬಯಲಲ್ಲಿ ನಿಂತಿದೆ. ಅದರ ಮೇಲೆ ಕಮಾನಿಲ್ಲ, ಮೆಟ್ಟಿಲಿಲ್ಲ. ಮೇಲೆ ಆಕಾಶ. ಹೆಚ್ಚು ದೂರವಿಲ್ಲದ ಇನ್ನೊಂದು ಕಡೆ, ಹೊಳೆಯ ದಿಕ್ಕಿಗೆ ತೆರೆಯುವ ವಾಟರ್ ಗೇಟ್ ಇದೆ. ಕೋಟೆಗೋಡೆಯಲ್ಲಿ ಕೊರೆದ ಸುರಂಗದಂಥ ದಾರಿ. ಬಂದವರೆಲ್ಲ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ, ಕಥೆ ಕೇಳುವುದೂ ಅಲ್ಲಿ. ಬರಿಯ ಕಲ್ಲಿನ ಎದುರು ನಿಂತು ಕಥೆ ಹೇಳುವುದು ಕಷ್ಟ. ಕಥೆಗೆ ಒಂದು ಬಾಗಿಲು ಬೇಕು.

ಹೀಗೆ ಬೇಕೆಂದವರಲ್ಲಿ ವಿಲ್ಕಿ ಮೊದಲಿಗನೇನಲ್ಲ. ಕೋಟೆ ಬಿದ್ದ ಮರುವರ್ಷವೇ, 1800ರಲ್ಲಿ, ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತು ದಾಟಿದ ಹುಡುಗ 'ಶ್ರೀರಂಗಪಟ್ಟಣದ ದಾಳಿ' ಎಂಬ ಪನೋರಮಾ ತೆರೆದ. 120 ಅಡಿ ಉದ್ದದ ಕ್ಯಾನ್ವಾಸು. ಅದನ್ನು ಅವನು ಆರು ವಾರದಲ್ಲಿ ಮುಗಿಸಿದನೆಂದು ಅವನ ಅಕ್ಕ, ಕಾದಂಬರಿಕಾರ್ತಿ ಜೇನ್ ಪೋರ್ಟರ್ ನೆನೆಸಿಕೊಂಡಿದ್ದಾಳೆ. ಜನ ದುಡ್ಡು ಕೊಟ್ಟು ನೋಡಿದರು. ಹೆನ್ರಿ ಸಿಂಗಲ್ಟನ್ ಕೋಟೆ ಬಾಗಿಲಿನಲ್ಲಿ ಟಿಪ್ಪುವಿನ ಕೊನೆಯ ಹೋರಾಟ ಬಿಡಿಸಿದ. ಮುಂದೆ ಬಹಳ ದೊಡ್ಡ ಹೆಸರಾದ ಟರ್ನರ್ ಕೂಡ ಈ ಮುತ್ತಿಗೆಯ ಜಲವರ್ಣ ಮಾಡಿದ. ಯಾರೂ ಕಾವೇರಿ ಕಂಡವರಲ್ಲ. ಸೇನಾಧಿಕಾರಿಗಳ ಪತ್ರ, ವರದಿ, ನಕಾಶೆ ಮುಂದಿಟ್ಟುಕೊಂಡು ಬಿಡಿಸಿದವರು. ನನ್ನ ಗೆಳೆಯ ಚಿತ್ರ ತೋರಿಸಿ ಕಥೆ ಬರೆಸುತ್ತಾನೆ. ಇವರು ಕಥೆ ಓದಿ ಬಾಗಿಲು ಕಟ್ಟಿದರು, ಆ ಬಾಗಿಲು ನೋಡಿದ ಜನ ಮತ್ತಷ್ಟು ಕಥೆ ಕಟ್ಟಿದರು.

ವಿಲ್ಕಿಯ ಚಿತ್ರದಲ್ಲಿ ನನ್ನನ್ನು ಮೋಸಗೊಳಿಸಿದ ಆ ಕಬ್ಬಿಣದ ಸರಳಿಗೆ ಬರುತ್ತೇನೆ. ಬೇರ್ಡ್ ನಿಂತಿರುವ ನೆಲದ ಕೆಳಗೆ ಅದು ಕಾಣುತ್ತದೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕ ಬೇರ್ಡ್, 1784ರವರೆಗೆ ಇದೇ ಪಟ್ಟಣದಲ್ಲಿ ಬೇಡಿ ತೊಟ್ಟು ಕೂತಿದ್ದ. ಚಿತ್ರದ ಸರಳು ಆ ಸೆರೆಮನೆಯದು. ಅಂದರೆ, ಎಲ್ಲಿ ಕೈದಿಯಾಗಿದ್ದನೋ ಅದರ ಮೇಲೆಯೇ ಈಗ ಗೆದ್ದವನಾಗಿ ನಿಂತಿದ್ದಾನೆ. ಸೆರೆಮನೆ ಸರಿಯಾಗಿ ಆ ಬಾಗಿಲಿನ ಅಡಿಯಲ್ಲೇ ಇತ್ತೆಂದು ನಾನು ಓದಿದ ಯಾವ ವರದಿಯೂ ಹೇಳುವುದಿಲ್ಲ. ಹತ್ತೊಂಬತ್ತು ವರ್ಷಗಳ ಅಂತರವನ್ನು ವಿಲ್ಕಿ ಒಂದೇ ಚೌಕಟ್ಟಿನೊಳಗೆ ಮೇಲೆ ಕೆಳಗೆ ಜೋಡಿಸಿದ. ಕಥೆಗಾರನ ಕೈಚಳಕ ಅದು, ಒಪ್ಪಬೇಕು.

ಚಿತ್ರ ಬರೆಸಿದ್ದು ಯಾರು ಎಂದು ತಿಳಿದರೆ ಸರಳಿನ ಅರ್ಥ ಇನ್ನಷ್ಟು ಬಿಡಿಸಿಕೊಳ್ಳುತ್ತದೆ. ಬರೆಸಿದ್ದು ಬೇರ್ಡನ ವಿಧವೆ. ದಾಳಿಯ ಮುಂದಾಳು ಬೇರ್ಡ್ ಆಗಿದ್ದರೂ ಗೆದ್ದ ಪಟ್ಟಣದ ಆಡಳಿತ ಸಿಕ್ಕಿದ್ದು ಅವನಿಗಿಂತ ಕಿರಿಯ ಆರ್ಥರ್ ವೆಲ್ಲೆಸ್ಲಿಗೆ, ಗವರ್ನರ್ ಜನರಲ್ಲನ ತಮ್ಮನಿಗೆ. ಬೇರ್ಡನಿಗೆ ಆ ಉರಿ ಆರಲಿಲ್ಲ. 1839ರ ಹೊತ್ತಿಗೆ ಆ ವೆಲ್ಲೆಸ್ಲಿ ವಾಟರ್ಲೂ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್. ತೀರಿಹೋದ ಗಂಡನಿಗೆ ದಕ್ಕದ ಪಟ್ಟಣವನ್ನು ಆಕೆ ಕ್ಯಾನ್ವಾಸಿನ ಮೇಲೆ ಕೊಡಿಸಿದಳು ಎಂದೇ ನನಗನ್ನಿಸುತ್ತದೆ.

ಬಾಗಿಲಿನ ಕಥೆಗಳು ಅಲ್ಲಿಗೆ ನಿಲ್ಲಲಿಲ್ಲ. ವಿಲ್ಕಿ ಕಾಲಿನ್ಸ್ 1868ರ ತನ್ನ 'ದಿ ಮೂನ್‌ಸ್ಟೋನ್' ಕಾದಂಬರಿಯನ್ನು ಆರಂಭಿಸುವುದೇ ಶ್ರೀರಂಗಪಟ್ಟಣದ ಲೂಟಿಯಿಂದ. (ಹೆಸರು ನೋಡಿ ಗಾಬರಿಯಾಗಬೇಡಿ. ಇವನ ಅಪ್ಪ ಚಿತ್ರಕಾರ ವಿಲ್ಕಿಯ ಗೆಳೆಯ, ಆ ಹೆಸರನ್ನೇ ಮಗನಿಗೆ ಇಟ್ಟ.) ಅಲ್ಲಿಯೂ ಕೊಲೆ ಕಣ್ಣಿಗೆ ಬೀಳುವುದು ತೆರೆದ ಬಾಗಿಲೊಂದರ ಆಚೆ, ಹೊಸ್ತಿಲಿಗೆ ಅಡ್ಡ ಬಿದ್ದ ಹೆಣಗಳನ್ನು ದಾಟಿದ ಮೇಲೆ.

ನಮ್ಮ ಕಡೆಯ ಕಥೆಯಲ್ಲಿ ಬಾಗಿಲು ತೆರೆದಿಲ್ಲ, ಮುಚ್ಚಿದೆ. 'ಬಾಗ್ಲಾಕ್ಬುಟ್ಟ ಕಣ್ ಮಗ, ಆ ಮನೆಹಾಳ' ಎಂದೇ ನನ್ನ ಅಜ್ಜಿ ಈ ಕಥೆ ಶುರುಮಾಡುತ್ತಿದ್ದದ್ದು. ಮನೆಹಾಳ ಎಂದರೆ ಮೀರ್ ಸಾದಿಕ್, ಟಿಪ್ಪುವಿನ ದಿವಾನ. ಇಂದಿಗೂ ನಮ್ಮಲ್ಲಿ ದ್ರೋಹಿಗೆ ಅದೇ ಬೈಗುಳ. ಸುಲ್ತಾನ ಹಿಂತಿರುಗದಂತೆ ಅವನು ಬಾಗಿಲು ಹಾಕಿಸಿದ ಎಂಬ ಮಾತು ಬರೀ ಅಜ್ಜಿಯರದಲ್ಲ, ಟಿಪ್ಪುವಿನ ಆಸ್ಥಾನ ಕಂಡಿದ್ದ ಕಿರ್ಮಾನಿಯ ಫಾರ್ಸಿ ಇತಿಹಾಸದಲ್ಲೂ ಇದೆ. ಅದೇ ಸಂಜೆಯನ್ನು ಬ್ರಿಟಿಷ್ ಅಧಿಕಾರಿ ಅಲೆಕ್ಸಾಂಡರ್ ಬೀಟ್ಸನ್ 1800ರಲ್ಲಿ ಬರೆದಾಗ ಬಾಗಿಲು ಮುಚ್ಚಿದ ದ್ರೋಹಿ ಅಲ್ಲಿಲ್ಲ. ಓಡುವವರ ನೂಕುನುಗ್ಗಲು ಇದೆ, ಒಳಗಿನಿಂದಲೂ ಹೊರಗಿನಿಂದಲೂ ಬಿದ್ದ ಗುಂಡು ಇದೆ. ಒಂದರಲ್ಲಿ ಸುಲ್ತಾನನನ್ನು ಕೊಂದದ್ದು ದ್ರೋಹ, ಇನ್ನೊಂದರಲ್ಲಿ ಗೊಂದಲ. ನನ್ನ ಪ್ರಬಂಧದಲ್ಲಿ ಎರಡನ್ನೂ ಇಟ್ಟಿದ್ದೇನೆ. ಅಜ್ಜಿ ಇದ್ದಿದ್ದರೆ ಬೈಯುತ್ತಿದ್ದಳು.

ಕಮ್ಮಟದ ಆ ದಿನ ಇಷ್ಟನ್ನೆಲ್ಲ ಹೇಳಲಿಲ್ಲ. ವಿಲ್ಕಿಯ ಚಿತ್ರ ಹಾಕಿ, ದೇಹ ಹುಡುಕಲು ಹೋಗಿದ್ದ ಮೇಜರ್ ಆಲನ್ ಕೊಟ್ಟ ವರದಿಯ ಸಾರಾಂಶ ಮಾತ್ರ ಹೇಳಿದೆ. ಅದು ಬೀಟ್ಸನ್ನನ ಪುಸ್ತಕದ ಕೊನೆಯಲ್ಲೇ ಸೇರಿದೆ. ಬಾಗಿಲಿನ ಕೆಳಗೆ ಹೆಣಗಳು ಒಂದರ ಮೇಲೊಂದು ಬಿದ್ದಿದ್ದವು, ಒಬ್ಬರ ಗುರುತು ಇನ್ನೊಬ್ಬರಿಂದ ಹತ್ತುವಂತಿರಲಿಲ್ಲ. ಸುಲ್ತಾನ ಸತ್ತದ್ದು ಖಚಿತವಾಗಬೇಕಿತ್ತು. ಆದ್ದರಿಂದ ಹೆಣಗಳನ್ನು ಹೊರಗೆಳೆಸಿ ಕಿಲ್ಲೇದಾರನಿಗೂ ಇತರರಿಗೂ ಒಂದೊಂದಾಗಿ ತೋರಿಸಿದರು. ಮುಗಿಯುವ ಹಾಗೆ ಕಾಣಲಿಲ್ಲ. ಕತ್ತಲಾಗುತ್ತಿತ್ತು, ದೀಪ ತರಿಸಿದರು. ಆಲನ್ ಕಿಲ್ಲೇದಾರನ ಜೊತೆ ಒಳಗೆ ಹೋದ. ಪಲ್ಲಕ್ಕಿಯ ಅಡಿಯಲ್ಲಿ ಗಾಯಗೊಂಡು ಬಿದ್ದಿದ್ದ ಟಿಪ್ಪುವಿನ ಆಪ್ತ ಸೇವಕ ರಾಜಾ ಖಾನ್ ಜಾಗ ತೋರಿಸಿದ. ದೇಹ ಹೊರತಂದಾಗ ಕಣ್ಣು ತೆರೆದೇ ಇದ್ದವು, ಮೈ ಇನ್ನೂ ಬೆಚ್ಚಗಿತ್ತು. ಬದುಕಿದ್ದಾನೇನೋ ಎಂದು ಆಲನ್ನನಿಗೂ ವೆಲ್ಲೆಸ್ಲಿಗೂ ಕ್ಷಣಕಾಲ ಅನುಮಾನ ಬಂತು, ನಾಡಿ ನೋಡಿದರು.

ಹತ್ತು ನಿಮಿಷ ಮುಗಿಯಿತು. ಹೆಚ್ಚಿನವರು ಟಿಪ್ಪುವಿನ ಕಥೆ ಬರೆದರು, ಇಬ್ಬರು ಮೀರ್ ಸಾದಿಕನದು. ಎಲ್ಲರ ಕಥೆಯಲ್ಲೂ ವಿಲ್ಕಿಯ ಕಮಾನು ಇತ್ತು, ನನ್ನ ಕರಡಿನಲ್ಲಿ ಇದ್ದ ಹಾಗೆಯೇ. ನಗು ಬಂತು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಒಂದೂವರೆ ಪುಟ ಬರೆದಿದ್ದಳು. ಅವಳ ಕಥೆಯಲ್ಲಿ ದೀಪ ಹಿಡಿದವನು ಅರಮನೆಯ ಒಬ್ಬ ಆಳು. ಹೊರಗೆಳೆದ ಪ್ರತಿ ಮುಖದ ಹತ್ತಿರ ಅವನು ದೀಪ ಹಿಡಿಯಬೇಕು, ನೋಡಬೇಕು, ಹೇಳಬೇಕು. 'ಇವರಲ್ಲ.' ಆ ಹೆಣ ಪಕ್ಕಕ್ಕೆ. ಇನ್ನೊಂದು. 'ಇವರಲ್ಲ.' ಎಷ್ಟೋ ಮುಖಗಳಾದ ಮೇಲೆ ಬರುವುದು ಅವನ ತಮ್ಮನ ಮುಖ. ಬಿಳಿಯರು ಕಾಯುತ್ತಿದ್ದಾರೆ. ಅವನು ದೀಪ ಸ್ವಲ್ಪ ಹೊತ್ತು ಅಲ್ಲೇ ಹಿಡಿದು 'ಇವರಲ್ಲ' ಎನ್ನುತ್ತಾನೆ. ಕಥೆ ಅಲ್ಲಿಗೆ ಮುಗಿದಿತ್ತು. ಟಿಪ್ಪುವಿನ ದೇಹ ಸಿಗುವುದೇ ಇಲ್ಲ ಅದರಲ್ಲಿ. ಕಮಾನೂ ಇರಲಿಲ್ಲ.

ಓದಿ ಮುಗಿಸಿ ಅವಳು ನನ್ನನ್ನೇ ಕೇಳಿದಳು, ಆ ದೀಪ ಹಿಡಿದವನ ಹೆಸರು ಎಲ್ಲಾದರೂ ಇದೆಯಾ ಎಂದು. ಇಲ್ಲ ಎಂದೆ. ದೀಪ ತರಿಸಿದ್ದನ್ನು ಆಲನ್ ಹೇಳುತ್ತಾನೆ, ಹಿಡಿದವರನ್ನು ಹೇಳುವುದಿಲ್ಲ. 'ಮತ್ತೆ ಆ ಇತರರು?' ಅವರ ಹೆಸರೂ ಇಲ್ಲ. ಆ ವರದಿಯನ್ನು ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಟಿಪ್ಪು ತೊಟ್ಟಿದ್ದ ಬಿಳಿಯ ಅಂಗಿ, ಹೂವಿನ ಚೀಟಿ ಬಟ್ಟೆಯ ಷರಾಯಿ, ತೋಳಿನ ತಾಯಿತ ಎಲ್ಲದರ ಟಿಪ್ಪಣಿ ನನ್ನ ಬಳಿ ಇದೆ. 'ಇತರರು' ಎಂಬ ಮಾತಿನ ಕೆಳಗೆ ಒಂದು ಗೆರೆ ಕೂಡ ಎಳೆದಿರಲಿಲ್ಲ.

ಅವಳ ಕಥೆಗೆ ಆಧಾರವಿದೆಯೇ ಎಂದರೆ, ತಮ್ಮನಿಗೆ ಇಲ್ಲ. ಆದರೆ ಆ ಸಂಜೆ ಯಾರೋ ಒಬ್ಬರು ದೀಪ ಹಿಡಿದಿದ್ದರು, ಗುರುತು ಹೇಳಲು ನಿಲ್ಲಿಸಿದವರು ಊರಿನವರೇ, ಸತ್ತವರೂ ಅದೇ ಊರಿನ ಸೈನಿಕರು, ಜನ. ವಿಲ್ಕಿಯ ಸರಳಿಗಿಂತ ಇವಳ ತಮ್ಮ ದಾಖಲೆಗೆ ಹತ್ತಿರವಿದ್ದಾನೆ.

ಮೂರನೆಯ ಅಧ್ಯಾಯ ಮತ್ತೆ ಬರೆದಿದ್ದೇನೆ. ಕಮಾನು, ಮೆಟ್ಟಿಲು, ಸರಳು ಹೋದವು. ಅದರ ಜಾಗದಲ್ಲಿ, ಗುರುತು ಹಿಡಿಯಲು ಕರೆತಂದವರು ಯಾರಿರಬಹುದು, ಟಿಪ್ಪು ಅಲ್ಲವೆಂದು ಪಕ್ಕಕ್ಕೆ ಸರಿಸಿದ ಹೆಣಗಳು ಎಲ್ಲಿಗೆ ಹೋದವು ಎಂದು ಹುಡುಕುವ ಎರಡು ಪುಟ ಬಂದಿದೆ. ಹೆಚ್ಚಿನ ವಾಕ್ಯಗಳು ಪ್ರಶ್ನೆಗಳೇ. ಕರಡು ಈಗ ಮೇಡಂ ಮೇಜಿನ ಮೇಲಿದೆ. ಪೆನ್ಸಿಲು ಎಲ್ಲಿ ಬೀಳುತ್ತದೋ ನೋಡಬೇಕು.