ಗುಲಾಬಿ ಬೆಟ್ಟದ ಹೆಸರು: ರೋಸೆನ್‌ಬರ್ಗ್ ಅಂದ್ರೆ ಜರ್ಮನ್ನರಾ, ಯಹೂದಿಗಳಾ?

ಇವತ್ತಿನ ಸಂಚಿಕೆಯಲ್ಲಿ ರಾಜ ಇಲ್ಲ, ಯುದ್ಧಭೂಮಿ ಇಲ್ಲ. ಒಂದು ಸರ್‌ನೇಮ್ ಇದೆ, ಅಷ್ಟೇ. ಆದ್ರೆ ಈ ಒಂದು ಸರ್‌ನೇಮ್ ಒಳಗೆ ಯುರೋಪಿನ ಏಳೆಂಟು ನೂರು ವರ್ಷಗಳ ಇತಿಹಾಸ ತುಂಬಿಕೊಂಡಿದೆ. ಹೆಸರು, ರೋಸೆನ್‌ಬರ್ಗ್.

ಮೊದಲು ಎರಡು ತಾರೀಖು ಹೇಳ್ತೀನಿ. 1946ರ ಅಕ್ಟೋಬರ್ 16. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಸುಕಿನ ಹೊತ್ತು ಹತ್ತು ಮಂದಿ ನಾಜಿ ನಾಯಕರನ್ನು ಗಲ್ಲಿಗೇರಿಸಿದರು. ಅವರಲ್ಲಿ ಒಬ್ಬ ಆಲ್ಫ್ರೆಡ್ ರೋಸೆನ್‌ಬರ್ಗ್. ಹಿಟ್ಲರನ ಪಕ್ಷಕ್ಕೆ ಯಹೂದಿ ದ್ವೇಷದ ಸಿದ್ಧಾಂತ ಬರೆದುಕೊಟ್ಟವರಲ್ಲಿ ಮುಖ್ಯನಾದವನು. ಎರಡನೇ ತಾರೀಖು, 1953ರ ಜೂನ್ 19. ಅಮೆರಿಕದ ಸಿಂಗ್ ಸಿಂಗ್ ಜೈಲಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಮರಣದಂಡನೆ ಜಾರಿ ಮಾಡಿದರು. ಜೂಲಿಯಸ್ ರೋಸೆನ್‌ಬರ್ಗ್, ಎಥೆಲ್ ರೋಸೆನ್‌ಬರ್ಗ್. ಅಣುಬಾಂಬ್ ರಹಸ್ಯವನ್ನು ಸೋವಿಯತ್ ಒಕ್ಕೂಟಕ್ಕೆ ದಾಟಿಸುವ ಸಂಚಿನಲ್ಲಿದ್ದರು ಅನ್ನೋದು ಅವರ ಮೇಲಿನ ಆರೋಪ. ಇಬ್ಬರೂ ನ್ಯೂಯಾರ್ಕ್‌ನ ಯಹೂದಿಗಳು.

ಏಳು ವರ್ಷಗಳ ಅಂತರದಲ್ಲಿ ಒಂದೇ ಸರ್‌ನೇಮ್ ಇದ್ದವರ ಸಾವು. ಒಬ್ಬ ಯಹೂದಿಗಳನ್ನು ಭೂಮಿಯ ಮೇಲಿಂದಲೇ ಅಳಿಸಬೇಕು ಅಂದವನು. ಇನ್ನಿಬ್ಬರು ಸ್ವತಃ ಯಹೂದಿಗಳು. ಇವರು ದೂರದ ಸಂಬಂಧಿಕರಾ? ಅಲ್ಲ. ಹಾಗಿದ್ರೆ ಹೆಸರು ಹೇಗೆ ಒಂದೇ ಆಯ್ತು? ಉತ್ತರ ಹುಡುಕ್ತಾ ಹೋದರೆ ಸಿಗೋದು ಕೋಟೆ, ಸರ್ಕಾರಿ ಗುಮಾಸ್ತ, ಕೊನೆಗೆ ಡಿಎನ್‌ಎ ಲ್ಯಾಬ್. ಒಂದೊಂದಾಗಿ ನೋಡೋಣ.

ಜರ್ಮನ್ ಭಾಷೆಯಲ್ಲಿ ‘ರೋಸೆನ್’ ಅಂದ್ರೆ ಗುಲಾಬಿಗಳು, ‘ಬರ್ಗ್’ ಅಂದ್ರೆ ಬೆಟ್ಟ. ಗುಲಾಬಿ ಬೆಟ್ಟ. ಈ ಹೆಸರಿನ ಊರುಗಳು ಒಂದೆರಡಲ್ಲ. ಬವೇರಿಯಾದಲ್ಲಿ ಜುಲ್ಜ್‌ಬಾಖ್ ರೋಸೆನ್‌ಬರ್ಗ್ ಇದೆ. ಇವತ್ತು ಪೋಲೆಂಡ್‌ನಲ್ಲಿರುವ ಸುಶ್ ಮತ್ತು ಒಲೆಸ್ನೊ, ಎರಡೂ ಊರುಗಳ ಹಳೇ ಜರ್ಮನ್ ಹೆಸರು ರೋಸೆನ್‌ಬರ್ಗ್. ಸ್ಲೊವಾಕಿಯಾದ ರುಜೊಂಬೆರೊಕ್ ಕೂಡ ಜರ್ಮನ್ನರ ಬಾಯಲ್ಲಿ ರೋಸೆನ್‌ಬರ್ಗೇ. ಅಂದ್ರೆ ‘ನಾನು ರೋಸೆನ್‌ಬರ್ಗ್ ಊರಿನವನು’ ಅಂತ ಹೇಳೋರು ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ, ನೂರಾರು ಮೈಲಿ ದೂರದ ಜನ ಆಗಿರಬಹುದು.

ಇವರಲ್ಲಿ ಅತಿ ಪ್ರಸಿದ್ಧರು ಬೊಹೀಮಿಯಾದ, ಅಂದ್ರೆ ಇವತ್ತಿನ ಚೆಕ್ ದೇಶದ ಶ್ರೀಮಂತ ಮನೆತನದವರು. ವ್ಲ್ಟಾವಾ ನದಿಯ ದಂಡೆಯಲ್ಲಿ ಅವರ ಕೋಟೆ. ಅವರ ಲಾಂಛನ ಐದು ಎಸಳಿನ ಗುಲಾಬಿ. ಚೆಕ್ ಭಾಷೆಯಲ್ಲಿ ಅವರನ್ನು ರೊಜ್ಮ್‌ಬೆರ್ಕ್ ಅಂತಾರೆ. ತಮಾಷೆ ಏನು ಗೊತ್ತಾ? ಇಷ್ಟು ದೊಡ್ಡ ಮನೆತನಕ್ಕೂ ತನ್ನ ಮೂಲ ಸಾಲಲಿಲ್ಲ. 15ನೇ ಶತಮಾನದಲ್ಲಿ ‘ನಾವು ರೋಮ್‌ನ ಓರ್ಸಿನಿ ವಂಶಸ್ಥರು’ ಅಂತ ಹೇಳಿಕೊಳ್ಳೋಕೆ ಶುರು ಮಾಡಿದರು. ಇತಿಹಾಸಕಾರರ ಪ್ರಕಾರ ಅದು ಕಟ್ಟಿದ ವಂಶಾವಳಿ. 1611ರಲ್ಲಿ ಪೆತ್ರ್ ವೋಕ್ ತೀರಿಕೊಂಡ ಮೇಲೆ ಆ ವಂಶವೇ ನಿಂತುಹೋಯಿತು. ಆಸ್ಟ್ರಿಯಾದ ಇನ್ನೊಂದು ರೋಸೆನ್‌ಬರ್ಗ್ ಮನೆತನವೂ ಇದೇ ಓರ್ಸಿನಿ ಹೆಸರನ್ನು ಜೋಡಿಸಿಕೊಂಡಿತು. ‘ಅಮೇಡಿಯಸ್’ ಸಿನಿಮಾ ನೋಡಿದ್ರೆ, ಮೊಜಾರ್ಟ್‌ಗೆ ಅಡ್ಡಗಾಲು ಹಾಕೋ ಕೌಂಟ್ ಓರ್ಸಿನಿ ರೋಸೆನ್‌ಬರ್ಗ್ ನೆನಪಿರಬಹುದು. ಅವನು ಈ ಮನೆತನದವನು.

ಈ ಮನೆತನಗಳ ರೋಸೆನ್‌ಬರ್ಗ್‌ಗಳಲ್ಲಿ ಯಹೂದಿಗಳು ಇಲ್ಲ. ಅವರು ಎಲ್ಲಿಂದ ಬಂದರು?

ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿಗಳನ್ನು ಅಶ್ಕೆನಾಜಿ ಅಂತ ಕರೀತಾರೆ. 18ನೇ ಶತಮಾನದ ಕೊನೆಯವರೆಗೂ ಇವರಲ್ಲಿ ಹೆಚ್ಚಿನವರಿಗೆ ಸರ್‌ನೇಮೇ ಇರಲಿಲ್ಲ. ಹೆಸರು, ಅದರ ಮುಂದೆ ಅಪ್ಪನ ಹೆಸರು. ಯಾಕೋಬನ ಮಗ ಮೋಶೆ, ಮೋಶೆಯ ಮಗ ಐಸಾಕ್. ತಲೆಮಾರು ಬದಲಾದರೆ ಹೆಸರೂ ಬದಲು. ಪ್ರಾಗ್, ಫ್ರಾಂಕ್‌ಫರ್ಟ್‌ನಂಥ ನಗರಗಳಲ್ಲಿ ಮಾತ್ರ ಕೆಲವು ಕುಟುಂಬಗಳಿಗೆ ಕಾಯಂ ಹೆಸರಿತ್ತು.

ಇದು ಸರ್ಕಾರಗಳಿಗೆ ತಲೆನೋವು. ತೆರಿಗೆ ಯಾರಿಂದ ವಸೂಲಿ ಮಾಡೋದು? ಸೈನ್ಯಕ್ಕೆ ಯಾರನ್ನು ಸೇರಿಸೋದು? ಹಾಗಾಗಿ 1787ರ ಜುಲೈ 23ರಂದು ಆಸ್ಟ್ರಿಯಾದ ಚಕ್ರವರ್ತಿ ಎರಡನೇ ಜೋಸೆಫ್ ಒಂದು ಆಜ್ಞೆ ಹೊರಡಿಸಿದ. 1788ರ ಜನವರಿ 1ರಿಂದ ತನ್ನ ರಾಜ್ಯದ ಯಹೂದಿಗಳೆಲ್ಲ ಕಾಯಂ ಸರ್‌ನೇಮ್ ಇಟ್ಟುಕೊಳ್ಳಬೇಕು ಅಂತ. 1804ರಲ್ಲಿ ರಷ್ಯಾ, 1808ರಲ್ಲಿ ನೆಪೋಲಿಯನ್, 1812ರಲ್ಲಿ ಪ್ರಷ್ಯಾ ಅದೇ ದಾರಿ ಹಿಡಿದವು. ಕೆಲವೇ ದಶಕಗಳಲ್ಲಿ ಲಕ್ಷಾಂತರ ಜನಕ್ಕೆ ಹೊಸ ಹೆಸರು. ಕೆಲವರು ತಾವೇ ಆರಿಸಿಕೊಂಡರು, ಇನ್ನು ಕೆಲವರಿಗೆ ಗುಮಾಸ್ತ ಬರೆದದ್ದೇ ಹೆಸರು.

ಆಗ ಬಹಳ ಚಾಲ್ತಿಗೆ ಬಂದದ್ದು ಕೇಳೋಕೆ ಚೆನ್ನಾಗಿರುವ ಜೋಡಿಪದಗಳು. ರೋಸೆನ್‌ಬಾಮ್ ಅಂದ್ರೆ ಗುಲಾಬಿ ಮರ, ರೋಸೆನ್‌ಥಾಲ್ ಅಂದ್ರೆ ಗುಲಾಬಿ ಕಣಿವೆ, ರೋಸೆನ್‌ಫೆಲ್ಡ್ ಅಂದ್ರೆ ಗುಲಾಬಿ ಹೊಲ. ಅದೇ ಸಾಲಿನಲ್ಲಿ ರೋಸೆನ್‌ಬರ್ಗ್. ಲಂಚ ಕೊಟ್ಟವರಿಗೆ ಹೂವಿನ ಹೆಸರು, ಕೊಡದವರಿಗೆ ಅವಮಾನದ ಹೆಸರು ಸಿಕ್ತು ಅನ್ನೋ ಕಥೆಯನ್ನು ನೀವು ಎಲ್ಲಾದರೂ ಕೇಳಿರಬಹುದು. ಕೇಳೋಕೆ ಮಜಾ ಇದೆ. ಆದ್ರೆ ದಾಖಲೆ ಕೆದಕಿದವರು ಹೇಳೋ ಪ್ರಕಾರ ಅವಮಾನದ ಹೆಸರುಗಳು ಬಹಳ ಕಡಿಮೆ.

ಇನ್ನೊಂದು ಗಂಟು ಇದೆ ನೋಡಿ. ಆಸ್ಟ್ರಿಯಾದ ಗಲೀಷಿಯಾ ಪ್ರಾಂತ್ಯದಲ್ಲಿ ಅನೇಕ ಯಹೂದಿ ದಂಪತಿಗಳು ಧರ್ಮದ ಪ್ರಕಾರ ಮದುವೆಯಾಗ್ತಿದ್ದರು, ಸರ್ಕಾರದಲ್ಲಿ ನೋಂದಣಿ ಮಾಡಿಸ್ತಿರಲಿಲ್ಲ. ಕಾನೂನಿನ ಕಣ್ಣಿಗೆ ಆ ಮದುವೆಯೇ ಇಲ್ಲ. ಹಾಗಾಗಿ ಮಕ್ಕಳಿಗೆ ಅಮ್ಮನ ಸರ್‌ನೇಮ್. ಅಂದ್ರೆ ಅಪ್ಪನಿಂದ ಮಗನಿಗೆ ಹೆಸರು ಇಳಿದು ಬರುತ್ತೆ ಅನ್ನೋ ಲೆಕ್ಕವೇ ಅಲ್ಲಿ ತಪ್ಪುತ್ತೆ.

ಜರ್ಮನ್ನರೂ ಅಲ್ಲದ, ಯಹೂದಿಗಳೂ ಅಲ್ಲದ ರೋಸೆನ್‌ಬರ್ಗ್‌ಗಳೂ ಇದ್ದಾರೆ. ಬಾಲ್ಟಿಕ್ ಪ್ರದೇಶದಲ್ಲಿ ಜೀತಪದ್ಧತಿ ರದ್ದಾದ ಮೇಲೆ, 1820 ಮತ್ತು 1830ರ ದಶಕಗಳಲ್ಲಿ, ಎಸ್ಟೋನಿಯನ್ ಮತ್ತು ಲಾಟ್ವಿಯನ್ ರೈತರಿಗೆ ಸರ್‌ನೇಮ್ ಕೊಟ್ಟರು. ಜಮೀನ್ದಾರರು ಜರ್ಮನ್ನರು, ಹಾಗಾಗಿ ಬಹಳ ರೈತರಿಗೆ ಸಿಕ್ಕಿದ್ದೂ ಜರ್ಮನ್ ಹೆಸರೇ. ಆಲ್ಫ್ರೆಡ್ ರೋಸೆನ್‌ಬರ್ಗ್ ಹುಟ್ಟಿದ್ದು ಇದೇ ಬಾಲ್ಟಿಕ್ ನೆಲದಲ್ಲಿ. 1893ರಲ್ಲಿ, ಇವತ್ತಿನ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ. ರಕ್ತ ಶುದ್ಧಿಯ ಬಗ್ಗೆ ಪುಟಗಟ್ಟಲೆ ಬರೆದ ಈ ಮನುಷ್ಯನ ಬಗ್ಗೆಯೇ ‘ಇವನ ಹೆಸರು ಯಹೂದಿ ಹೆಸರಲ್ವಾ?’ ಅನ್ನೋ ಗುಸುಗುಸು ಇತ್ತು. ಅವನ ಪೂರ್ವಜರು ಯಹೂದಿಗಳು ಅನ್ನೋದಕ್ಕೆ ಪುರಾವೆ ಇಲ್ಲ. ಆದ್ರೆ ಅವನ ಸಿದ್ಧಾಂತ ಎಷ್ಟು ಟೊಳ್ಳು ಅನ್ನೋದನ್ನು ಅವನ ಹೆಸರೇ ಹೇಳ್ತಿತ್ತು.

ಈಗ ಡಿಎನ್‌ಎಗೆ ಬರೋಣ. ಗಂಡಸರಲ್ಲಿ ವೈ ಕ್ರೋಮೋಸೋಮ್ ಅಂತ ಒಂದಿದೆ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚು ಕಡಿಮೆ ಹಾಗೇ ದಾಟುತ್ತೆ. ಸರ್‌ನೇಮ್ ಕೂಡ ಸಾಮಾನ್ಯವಾಗಿ ಹಾಗೇ ದಾಟುತ್ತೆ. ಹಾಗಾದ್ರೆ ರೋಸೆನ್‌ಬರ್ಗ್‌ಗಳೆಲ್ಲರ ವೈ ಕ್ರೋಮೋಸೋಮ್ ಒಂದೇ ಇರಬೇಕಲ್ವಾ? ಇಲ್ಲ. ಸರ್‌ನೇಮ್‌ಗೆ ಇನ್ನೂರ ಚಿಲ್ಲರೆ ವರ್ಷ, ಅಂದ್ರೆ ಎಂಟೊಂಬತ್ತು ತಲೆಮಾರು. ವೈ ಕ್ರೋಮೋಸೋಮ್ ಕವಲುಗಳಿಗೆ ಸಾವಿರಾರು ವರ್ಷ. ಒಂದೇ ಹೆಸರನ್ನು ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಕುಟುಂಬಗಳು ತಗೊಂಡಾಗ ಕವಲುಗಳೂ ಬೇರೆ ಬೇರೆಯೇ. ಅಶ್ಕೆನಾಜಿ ಗಂಡಸರಲ್ಲಿ ಜೆ ಮತ್ತು ಇ ಗುಂಪಿನ ಕವಲುಗಳು ಹೆಚ್ಚು. ಬೇರೆ ಜರ್ಮನ್ನರಲ್ಲಿ ಆರ್1ಬಿ ಹೆಚ್ಚು. ಆದ್ರೆ ಯಾವ ಗುಂಪೂ ಯಾರ ಸ್ವಂತ ಆಸ್ತಿಯೂ ಅಲ್ಲ.

ಆರ್1ಎ ಗುಂಪಿನ ಹೆಸರು ನಮ್ಮ ದೇಶದ ವಾದ ವಿವಾದಗಳಲ್ಲೂ ಬರುತ್ತೆ. ಕೇಳಿರ್ತೀರಿ. ಅಶ್ಕೆನಾಜಿಗಳಲ್ಲಿ ಲೇವಿಯರು ಅನ್ನೋ ಪುರೋಹಿತ ಪರಂಪರೆಯವರಿದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರಲ್ಲಿ ಇದೇ ಆರ್1ಎಯ ಒಂದು ಕವಲು ಇದೆ. ಇದು ಪೂರ್ವ ಯುರೋಪಿನ ಸ್ಲಾವ್ ಜನರಿಂದ ಬಂದದ್ದು ಅಂತ ಮೊದಲು ಅಂದುಕೊಂಡಿದ್ದರು. 2013ರ ಅಧ್ಯಯನ ತೋರಿಸಿದ್ದೇ ಬೇರೆ. ಅದು ಯುರೋಪಿನ ಕವಲಲ್ಲ, ಏಷ್ಯಾದ ಕಡೆಯ ಕವಲು, ಪಶ್ಚಿಮ ಏಷ್ಯಾದ ಮೂಲಕ ಬಂದದ್ದು. ಭಾರತದಲ್ಲಿ ಸಿಗೋ ಆರ್1ಎ ಕೂಡ ಬಹುಪಾಲು ಇದೇ ದೊಡ್ಡ ಕೊಂಬೆಯದ್ದು. ಹಾಗಂತ ಲೇವಿಯರು ಭಾರತದಿಂದ ಹೋದರು ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಬೇಡಿ! ಕೊಂಬೆಗಳು ಬೇರೆಯಾಗಿ ಸಾವಿರಾರು ವರ್ಷ ಆಗಿದೆ.

ನನಗೆ ತುಂಬ ಆಶ್ಚರ್ಯ ಆದದ್ದು ಇನ್ನೊಂದು ವಿಷಯ. 2014ರಲ್ಲಿ 128 ಅಶ್ಕೆನಾಜಿಗಳ ಪೂರ್ತಿ ಜೀನೋಮ್ ಓದಿದ ವಿಜ್ಞಾನಿಗಳು ಒಂದು ಅಂದಾಜಿಗೆ ಬಂದರು. ಸುಮಾರು 600ರಿಂದ 800 ವರ್ಷಗಳ ಹಿಂದೆ ಈ ಸಮುದಾಯ ಒಂದು ಸಣ್ಣ ಕಿಂಡಿಯಲ್ಲಿ ನುಸುಳಿ ಬಂದಿದೆ. ಇವತ್ತಿನವರ ವಂಶವಾಹಿಗಳ ಲೆಕ್ಕದಲ್ಲಿ ಆಗಿನ ಪೂರ್ವಜರು ಬರೀ 350 ಮಂದಿಯಷ್ಟು! 2022ರಲ್ಲಿ ಜರ್ಮನಿಯ ಎರ್ಫುರ್ಟ್ ಊರಿನ ಹಳೇ ಯಹೂದಿ ಸ್ಮಶಾನದ 33 ಜನರ ಡಿಎನ್‌ಎ ವರದಿ ಬಂತು. 14ನೇ ಶತಮಾನದವರು, ಬಿಡಿ ಹಲ್ಲುಗಳಿಂದ ತೆಗೆದ ಡಿಎನ್‌ಎ. ಮಧ್ಯಪ್ರಾಚ್ಯ ಮತ್ತು ಯುರೋಪ್ ಎರಡೂ ಮೂಲಗಳು ಆಗಲೇ ಬೆರೆತಿದ್ದವು, ಇವತ್ತಿನ ಅಶ್ಕೆನಾಜಿಗಳಲ್ಲಿ ಇರುವ ಹಾಗೆಯೇ.

ಇದರ ಅರ್ಥ ಏನು? ಇವತ್ತು ಇಬ್ಬರು ಯಹೂದಿ ರೋಸೆನ್‌ಬರ್ಗ್‌ಗಳು ಡಿಎನ್‌ಎ ಟೆಸ್ಟ್ ಮಾಡಿಸಿದರೆ ‘ನೀವು ದೂರದ ಸಂಬಂಧಿಗಳು’ ಅಂತ ಬರೋ ಸಾಧ್ಯತೆ ಚೆನ್ನಾಗಿಯೇ ಇದೆ. ಆದ್ರೆ ಅದಕ್ಕೆ ಕಾರಣ ಹೆಸರಲ್ಲ. ಒಬ್ಬ ರೋಸೆನ್‌ಬರ್ಗ್, ಒಬ್ಬ ಕಪ್ಲಾನ್ ಹೋಲಿಸಿದರೂ ಹಾಗೇ ಬರಬಹುದು. ಹೆಸರು ಬರೋದಕ್ಕಿಂತ ಮುಂಚೆಯೇ ಅವರೆಲ್ಲ ನೆಂಟರು.

ಈಗ ಈ ಕಥೆಯ ಕಹಿ ಭಾಗ. ನಾಜಿಗಳಿಗೆ ಈ ಹೆಸರುಗಳ ಗೋಜಲು ಚೆನ್ನಾಗಿ ಗೊತ್ತಿತ್ತು. ಅದಕ್ಕೇ 1935ರ ನವೆಂಬರ್‌ನಲ್ಲಿ ಯಾರು ಯಹೂದಿ ಅಂತ ಕಾನೂನು ಬರೆದಾಗ ಸರ್‌ನೇಮ್ ನೋಡಲಿಲ್ಲ. ಅಜ್ಜ ಅಜ್ಜಿ ನಾಲ್ವರಲ್ಲಿ ಎಷ್ಟು ಜನ ಯಹೂದಿ ಧರ್ಮದ ಸಮುದಾಯಕ್ಕೆ ಸೇರಿದ್ದರು ಅಂತ ನೋಡಿದರು. ಅಂದ್ರೆ ‘ರಕ್ತ’ ಅಂತ ಕೂಗಾಡಿದವರು ಕೊನೆಗೆ ತೆರೆದದ್ದು ಚರ್ಚು ಮತ್ತು ಸಿನಗಾಗ್‌ಗಳ ರಿಜಿಸ್ಟರ್! 1938ರ ಆಗಸ್ಟ್‌ನಲ್ಲಿ ಇನ್ನೊಂದು ಆದೇಶ ಬಂತು. ಯಹೂದಿ ಅಂತ ಗುರುತು ಸಿಗದ ಮೊದಲ ಹೆಸರಿರೋ ಯಹೂದಿ ಗಂಡಸರು ‘ಇಸ್ರೇಲ್’, ಹೆಂಗಸರು ‘ಸಾರಾ’ ಅಂತ ಹೆಚ್ಚುವರಿ ಹೆಸರು ಸೇರಿಸಿಕೊಳ್ಳಬೇಕು ಅಂತ. ಒಂದು ಕಾಲಕ್ಕೆ ಸರ್ಕಾರವೇ ಸರ್‌ನೇಮ್ ಇಡಿಸಿತ್ತು, 150 ವರ್ಷ ಕಳೆದ ಮೇಲೆ ಮೊದಲ ಹೆಸರಿನ ಬಗ್ಗೆ ‘ನಿಮ್ಮ ಹೆಸರಿಂದ ನೀವು ಯಾರು ಅಂತ ಗೊತ್ತಾಗ್ತಿಲ್ಲ’ ಅನ್ನೋ ತಕರಾರು.

ಆ ಗೋಜಲೇ ಕೆಲವರನ್ನು ಕೆಲವು ದಿನವಾದರೂ ಮರೆಯಲ್ಲಿಟ್ಟಿತು. ಪಟ್ಟಿ ಮಾಡೋಕೆ ನಾಜಿಗಳಿಗೆ ಕಾಗದ, ಗುಮಾಸ್ತರು, ವರ್ಷಗಳು ಬೇಕಾದವು. ಈಗ? 2023ರ ಅಕ್ಟೋಬರ್‌ನಲ್ಲಿ 23ಆಂಡ್‌ಮಿ ಅನ್ನೋ ಡಿಎನ್‌ಎ ಕಂಪನಿಯ ಗ್ರಾಹಕರ ಮಾಹಿತಿ ಸೋರಿಕೆಯಾಯಿತು. ಹ್ಯಾಕರ್ ಮೊದಲು ಆನ್‌ಲೈನ್‌ಗೆ ಹಾಕಿದ ಪಟ್ಟಿಗಳಲ್ಲಿ ಒಂದು ಅಶ್ಕೆನಾಜಿ ಮೂಲದವರದ್ದು. ಒಟ್ಟು 69 ಲಕ್ಷ ಜನರ ಮಾಹಿತಿಗೆ ಕನ್ನ ಬಿದ್ದಿತ್ತು. ಆ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಎಂಜಲು ತುಂಬಿದ ಟ್ಯೂಬ್ ಕಳಿಸಿ ಪೂರ್ವಜರನ್ನು ಹುಡುಕೋದು ತಪ್ಪು ಅಂತ ನಾನು ಹೇಳ್ತಿಲ್ಲ. ಯುದ್ಧದಲ್ಲಿ ಚದುರಿಹೋದ ಎಷ್ಟೋ ಕುಟುಂಬಗಳು ಹೀಗೇ ಮತ್ತೆ ಸಿಕ್ಕಿವೆ. ನಾನು ಹೇಳೋದು ಇಷ್ಟು. ಸರ್‌ನೇಮ್ ನಮ್ಮ ರಕ್ತದ ಬಗ್ಗೆ ಹೇಳೋದಕ್ಕಿಂತ, ಅದನ್ನು ಬರೆದುಕೊಂಡ ಸರ್ಕಾರದ ಬಗ್ಗೆ ಹೆಚ್ಚು ಹೇಳುತ್ತೆ. ಡಿಎನ್‌ಎ ಪೂರ್ವಜರ ದಾರಿ ತೋರಿಸುತ್ತೆ, ಆದ್ರೆ ನೀವು ಯಾರು ಅಂತ ತೀರ್ಮಾನ ಮಾಡೋದಿಲ್ಲ. ಆ ತೀರ್ಮಾನವನ್ನು ಬೇರೆಯವರು ನಿಮ್ಮ ಪರವಾಗಿ ಮಾಡೋಕೆ ಹೊರಟಾಗ, ಮೊದಲು ಬೇಕಾಗೋದು ಒಂದು ಪಟ್ಟಿ. ಆ ಪಟ್ಟಿ ಯಾರ ಕೈಯಲ್ಲಿದೆ ಅಂತ ಕೇಳೋದು ಮರೀಬೇಡಿ.