ಅರ್ಥಕ್ರಿಯಾವಾದ: ಧರ್ಮಕೀರ್ತಿಯಿಂದ ಮುಂಡಗೋಡದವರೆಗೆ

ಒಂದು ಅರಿವು ನಂಬಿಕೆಗೆ ಅರ್ಹವೇ ಎಂಬುದನ್ನು, ಅದನ್ನು ನೆಚ್ಚಿ ನಡೆದವನಿಗೆ ಬಯಸಿದ್ದು ದಕ್ಕಿತೇ ಎಂಬುದರಿಂದ ಅಳೆಯುವ ನಿಲುವೇ ಅರ್ಥಕ್ರಿಯಾವಾದ. ಅಮೆರಿಕದ ಪರ್ಸ್ (1878) ಮತ್ತು ವಿಲಿಯಂ ಜೇಮ್ಸ್ (1907) ಇದಕ್ಕೆ ಹತ್ತಿರದ ಮಾತಾಡುವ ಸಾವಿರ ವರ್ಷಕ್ಕೂ ಮೊದಲೇ ಭಾರತದಲ್ಲಿ ಈ ಚರ್ಚೆ ಬಲಿತಿತ್ತು. ಇಂದು ಅದು ಎಡೆಬಿಡದೆ ನಡೆಯುವ ಜಾಗಗಳಲ್ಲಿ ಒಂದು ಉತ್ತರ ಕನ್ನಡದ ಮುಂಡಗೋಡ.

ಕಂಡದ್ದು ನೀರೋ ಬಿಸಿಲ್ಗುದುರೆಯೋ? ಕುಡಿದು ದಾಹ ತೀರಿದರೆ ನೀರು. ನ್ಯಾಯಭಾಷ್ಯದ ವಾತ್ಸ್ಯಾಯನ ಆಗಲೇ ಪ್ರವೃತ್ತಿಯ ಸಾಫಲ್ಯವನ್ನು ಒರೆಗಲ್ಲಾಗಿಸಿದ್ದ. ಸುಮಾರು 7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ಪ್ರಮಾಣವಾರ್ತಿಕ’ದಲ್ಲಿ ಇನ್ನೂ ಮುಂದೆ ಹೋದ. ದೂರದ ಹೊಳಪನ್ನು ಮಣಿಯೆಂದು ತಿಳಿದು ಇಬ್ಬರು ಓಡುತ್ತಾರೆ. ಒಬ್ಬ ಕಂಡದ್ದು ಮಣಿಯ ಪ್ರಭೆ, ಇನ್ನೊಬ್ಬ ಕಂಡದ್ದು ದೀಪದ ಪ್ರಭೆ. ಪ್ರಭೆಯನ್ನೇ ಮಣಿ ಎಂದುಕೊಂಡದ್ದರಿಂದ ಇಬ್ಬರದೂ ಭ್ರಾಂತಿಯೇ. ಆದರೂ ಮೊದಲನೆಯವನ ಕೈಗೆ ಮಣಿ ಸಿಗುತ್ತದೆ. ನಮ್ಮ ತಾರ್ಕಿಕ ಅನುಮಾನಗಳೂ ಹೀಗೇ: ವಸ್ತುವನ್ನು ಇದ್ದಂತೆ ಮುಟ್ಟದಿದ್ದರೂ ಅದರತ್ತ ಒಯ್ಯುವುದರಿಂದ ಪ್ರಮಾಣವಾಗುತ್ತವೆ. ವಿವೇಕಕ್ಕೂ ತಪ್ಪಿಗೂ ಇರುವ ಸಂಬಂಧವನ್ನು ಇಷ್ಟು ಧೈರ್ಯದಿಂದ ಹೇಳಿದ ದಾರ್ಶನಿಕರು ವಿರಳ.

ಆಕ್ಷೇಪಗಳೂ ಬಂದವು. ದಾಹ ತೀರಿತೆಂಬ ಅರಿವನ್ನು ಪರೀಕ್ಷಿಸುವುದು ಯಾವುದು? ಪರೀಕ್ಷೆಗೆ ಕೊನೆಯೇ ಇರದೆಂದು ಕಂಡ ಮೀಮಾಂಸಕರು ಅರಿವು ಸ್ವತಃ ಪ್ರಮಾಣವೆಂದರು. ಜೈನ ಆಚಾರ್ಯ ಅಕಲಂಕ ಬೌದ್ಧರೊಡನೆ ಮಾಡಿದ ವಾದವನ್ನು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ ಹೊಗಳುತ್ತದೆ.

ಭಾರತದಲ್ಲಿ ಬೌದ್ಧ ವಿಹಾರಗಳು ಅಳಿದ ಮೇಲೆ ‘ಪ್ರಮಾಣವಾರ್ತಿಕ’ವನ್ನು ಬದುಕಿಸಿಕೊಂಡವರು ಟಿಬೆಟನ್ನರು. ಅದರ ಓದಿಗೆ ನೆಲೆಯಾದ ಗಾದೆನ್ (1409), ಡ್ರೆಪುಂಗ್ (1416) ಮಠಗಳು ಲ್ಹಾಸಾದ ಸುತ್ತ ಹುಟ್ಟಿದವು. ಮೂಲ ಸಂಸ್ಕೃತ ಪ್ರತಿಗಳನ್ನು 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟಿನಿಂದಲೇ ಬೆಳಕಿಗೆ ತಂದರು. 1959ರಲ್ಲಿ ದೇಶ ಬಿಟ್ಟ ಭಿಕ್ಷುಗಳು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಹಲವು ವರ್ಷ ಕಷ್ಟಪಟ್ಟು ಓದು ಮುಂದುವರಿಸಿದರು. ಮುಂಡಗೋಡದಲ್ಲಿ 1966ರಲ್ಲಿ ಟಿಬೆಟನ್ ವಸತಿ ಆರಂಭವಾಯಿತು. ಸ್ವಲ್ಪ ಕಾಲದಲ್ಲೇ ಎರಡೂ ಮಠಗಳು ಅಲ್ಲಿ ಮರುಹುಟ್ಟು ಪಡೆದವು.

ಅಲ್ಲಿನ ಅಂಗಳದಲ್ಲಿ ವಾದ ನಡೆಯುವಾಗ ನಿಂತವನು ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಕೇಳುತ್ತಾನೆ. ಕುಳಿತವನಿಗಿರುವ ಉತ್ತರಗಳು ಕೆಲವೇ: ಒಪ್ಪಿದೆ, ಯಾಕೆ, ಹೇತು (ಕೊಟ್ಟ ಕಾರಣ) ಸಿದ್ಧವಲ್ಲ, ವ್ಯಾಪ್ತಿ (ಕಾರಣಕ್ಕೂ ತೀರ್ಮಾನಕ್ಕೂ ತಪ್ಪದ ನಂಟು) ಇಲ್ಲ. ಉದ್ದುದ್ದ ಮಾತಿನಲ್ಲಿ ನುಣುಚಿಕೊಳ್ಳಲು ಇಲ್ಲಿ ದಾರಿಯಿಲ್ಲ.

2013ರ ಜನವರಿಯಲ್ಲಿ ದಲೈ ಲಾಮಾ ಮತ್ತು ವಿಜ್ಞಾನಿಗಳ ‘ಮೈಂಡ್ ಅಂಡ್ ಲೈಫ್’ ಸಂವಾದ ಡ್ರೆಪುಂಗ್‌ನಲ್ಲೇ ನಡೆಯಿತು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನಗಳು ಈಗ ಭಿಕ್ಷುಗಳ ಪಠ್ಯಕ್ರಮ ಸೇರಿವೆ. ಪ್ರಯೋಗದ ಫಲವನ್ನು ಸಾಕ್ಷಿಯಾಗಿ ಕೇಳುವ ಶಿಸ್ತು ಧರ್ಮಕೀರ್ತಿಯನ್ನು ಓದಿದವರಿಗೆ ಪರಕೀಯವಲ್ಲ.